ಓದುಗರ ಪ್ರಶ್ನೆ: ರಷ್ಯಾದ ಹಳೆಯ ಸೇನಾ ಸಮವಸ್ತ್ರ ಗುರುತಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ ಸುತ್ತ ಇವೆ: ರಷ್ಯಾ ಮೂಲದ ಕುಟುಂಬಗಳಲ್ಲಿ ಉಳಿದುಕೊಂಡಿರುವ ಹಿರಿಯರ ಸೇನಾ ಉಡುಪು ಮತ್ತು ಫೋಟೊಗಳು. ಹಾಗಾಗಿ ಎಲ್ಲಕ್ಕೂ ಇಲ್ಲೇ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಪತ್ನಿ ರಷ್ಯಾದವರು. ಅವರ ಮನೆಯ ಆಲ್ಬಮ್‌ನಲ್ಲಿ ಒಬ್ಬ ಸೈನಿಕರ ಫೋಟೊ ಇದೆ. ಹೆಗಲ ಮೇಲೆ ಪಟ್ಟಿ, ಕುತ್ತಿಗೆಗೆ ನೆಟ್ಟಗೆ ನಿಂತ ಕಾಲರ್. ಮನೆಯಲ್ಲಿ ಒಬ್ಬರು ತ್ಸಾರ್ ಕಾಲದ್ದು ಎನ್ನುತ್ತಾರೆ, ಇನ್ನೊಬ್ಬರು ಎರಡನೇ ಮಹಾಯುದ್ಧದ್ದು ಎನ್ನುತ್ತಾರೆ. ಹೇಗೆ ತೀರ್ಮಾನಿಸುವುದು?

ಉತ್ತರ: ಇಬ್ಬರೂ ಸುಮ್ಮನೆ ಊಹಿಸುತ್ತಿಲ್ಲ. ಈ ಎರಡು ಕಾಲದ ಸೈನಿಕರ ಅಂಗಿಗಳು ನಿಜಕ್ಕೂ ಒಂದನ್ನೊಂದು ಹೋಲುತ್ತವೆ. ರಷ್ಯನ್ನರು ಪಗೋನ್ ಎಂದು ಕರೆಯುವ ಹೆಗಲಪಟ್ಟಿಯನ್ನು 1917ರ ಡಿಸೆಂಬರಿನಲ್ಲಿ ಬೋಲ್ಶೆವಿಕರ ಕ್ರಾಂತಿಯ ಸರ್ಕಾರ ರದ್ದು ಮಾಡಿತು. 1943ರ ಜನವರಿಯಲ್ಲಿ ಸೋವಿಯತ್ ಸೇನೆ ಅದನ್ನು ಮರಳಿ ತಂದಿತು, ಜೊತೆಗೆ ನಿಂತ ಕಾಲರನ್ನೂ ತಂದಿತು. ನಡುವಿನ 25 ವರ್ಷ ಕೆಂಪು ಸೇನೆಯವರ, ಅಂದರೆ ಸೋವಿಯತ್ ಸೈನಿಕರ, ಹೆಗಲು ಬರಿದು. ಅಂದಮೇಲೆ ಹೆಗಲಪಟ್ಟಿ ಕಂಡರೆ ಫೋಟೊ 1918ಕ್ಕೆ ಮುಂಚಿನದು, ಇಲ್ಲವೇ 1943ರ ನಂತರದ್ದು. ಒಂದು ಅಪವಾದ ನೆನಪಿರಲಿ: ಅಂತರ್ಯುದ್ಧದಲ್ಲಿ ಬೋಲ್ಶೆವಿಕರ ವಿರುದ್ಧ ಹೋರಾಡಿದ ಶ್ವೇತ ಸೇನೆಗಳು ಹೆಗಲಪಟ್ಟಿಯನ್ನು ಬಿಡಲಿಲ್ಲ.

ಎರಡರಲ್ಲಿ ಯಾವುದು ಎಂದು ತಿಳಿಯಲು ಹೆಗಲನ್ನು ಬಿಟ್ಟು ಟೋಪಿ ನೋಡಿ. ತ್ಸಾರ್ ಕಾಲದ ಟೋಪಿಯ ಮುಂಭಾಗದಲ್ಲಿ ಮೊಟ್ಟೆಯಾಕಾರದ ಬಿಲ್ಲೆ ಇರುತ್ತದೆ, ಅದರಲ್ಲಿ ಕಪ್ಪು, ಕಿತ್ತಳೆ, ಬಿಳಿ ಬಳೆಗಳು ಒಂದರೊಳಗೊಂದು. ಸೋವಿಯತ್ ಟೋಪಿಯಲ್ಲಿ ಐದು ಮೂಲೆಯ ನಕ್ಷತ್ರ. ಟೋಪಿ ಇಲ್ಲದ ಫೋಟೊ ಆದರೆ ಗುಂಡಿಗಳನ್ನು ಭೂತಗನ್ನಡಿಯಲ್ಲಿ ನೋಡಿ: ಸೋವಿಯತ್ ಗುಂಡಿಯಲ್ಲಿ ನಕ್ಷತ್ರದೊಳಗೆ ಕುಡುಗೋಲು ಸುತ್ತಿಗೆ, ತ್ಸಾರ್ ಕಾಲದ ಗುಂಡಿಯಲ್ಲಿ ಎರಡು ತಲೆಯ ಹದ್ದು. ಆಮೇಲೆ ಎದೆಯ ಬಲಭಾಗ. ರಿಬ್ಬನ್ ಇಲ್ಲದ, ನೇರವಾಗಿ ಬಟ್ಟೆಗೆ ಕೂಡಿಸಿದ ನಕ್ಷತ್ರ ಅಲ್ಲಿದ್ದರೆ ಅದು ಬಹುಪಾಲು ಸೋವಿಯತ್ ಗೌರವ ಚಿಹ್ನೆ.

ಪಟ್ಟಿಯ ಮೇಲಿನ ಅಡ್ಡಗೆರೆ ಎಣಿಸಿ ಕಾಲ ನಿರ್ಧರಿಸಲು ಹೋಗಬೇಡಿ. ಎರಡು ಸೇನೆಗಳಲ್ಲೂ ಒಂದು, ಎರಡು, ಮೂರು ಸಣ್ಣ ಗೆರೆ ಮತ್ತು ಒಂದು ಅಗಲ ಗೆರೆ ಬಳಕೆಯಲ್ಲಿದ್ದವು. ಹೆಚ್ಚಿನವರು ಎಡವುವುದು ಇಲ್ಲೇ.

ಫೋಟೊದ ಹಿಂಬದಿಯನ್ನೂ ಓದಿ. ದಪ್ಪ ರಟ್ಟಿಗೆ ಅಂಟಿಸಿದ, ಸುಮಾರು 6.3 × 10.5 ಅಥವಾ 10.8 × 16.5 ಸೆಂ.ಮೀ. ಅಳತೆಯ ಕಾರ್ಡು ಕ್ರಾಂತಿಗೆ ಮುಂಚಿನ ಸ್ಟುಡಿಯೊಗಳ ರೂಢಿ. ಸ್ಟುಡಿಯೊ ಹೆಸರಿನಲ್ಲಿ ವ್ಯಂಜನದಿಂದ ಮುಗಿಯುವ ಪದಗಳ ಕೊನೆಗೆ, ಇಂಗ್ಲಿಷಿನ ಚಿಕ್ಕ 'ಬಿ'ಗೆ ಎಡಕ್ಕೆ ಬಾಲ ಹಚ್ಚಿದಂಥ ಅಕ್ಷರ ಕಂಡರೆ ಅದು 1918ರ ಲಿಪಿ ಸುಧಾರಣೆಗೆ ಮುಂಚಿನ ಬರವಣಿಗೆ. ಆ ಸುಧಾರಣೆ ಪದದ ಕೊನೆಯಿಂದ ಈ ಅಕ್ಷರವನ್ನು ತೆಗೆದುಹಾಕಿತು. ದೇಶ ಬಿಟ್ಟು ಹೋದ ರಷ್ಯನ್ನರು ಮಾತ್ರ ಹೊರಗೆ ಹಳೆಯ ಲಿಪಿಯನ್ನೇ ಮುಂದುವರಿಸಿದರು.

ಪ್ರಶ್ನೆ: ಅಜ್ಜಿಯ ಅಪ್ಪನ ಫೋಟೊದಲ್ಲಿ ಹೆಗಲಪಟ್ಟಿಯ ಮೇಲೆ 97 ಎಂಬ ಅಂಕಿ, ಮೂರು ಅಡ್ಡಗೆರೆ ಕಾಣುತ್ತವೆ. ಮೊಟ್ಟೆಯಾಕಾರದ ಬಿಲ್ಲೆಯೂ ಇದೆ. ಪಟ್ಟಿ ಹೆಚ್ಚುಕಡಿಮೆ ಕಪ್ಪಾಗಿದೆ. ಇದರಿಂದ ಯಾವ ದಳ ಎಂದು ಹೇಳಲು ಸಾಧ್ಯವೇ?

ಉತ್ತರ: ಸಾಧ್ಯ. ಇಷ್ಟು ಸ್ಪಷ್ಟವಾಗಿ ಅಂಕಿ ಓದಲು ಸಿಗುವ ಫೋಟೊ ಅಪರೂಪ, ಅದನ್ನು ಜೋಪಾನ ಮಾಡಿ.

ತ್ಸಾರ್ ಸೇನೆಯ ಸಾಮಾನ್ಯ ಕಾಲಾಳು ರೆಜಿಮೆಂಟುಗಳಿಗೆ ಸರಣಿ ಸಂಖ್ಯೆ ಇತ್ತು. 1910ರ ಪುನರ್‌ರಚನೆಯ ನಂತರ ಅವು 1ರಿಂದ 208. ನಾಲ್ಕು ರೆಜಿಮೆಂಟು ಸೇರಿ ಒಂದು ಡಿವಿಜನ್. ಆದ್ದರಿಂದ ಸಂಖ್ಯೆಯನ್ನು 4ರಿಂದ ಭಾಗಿಸಿ, ಶೇಷ ಉಳಿದರೆ ಒಂದು ಕೂಡಿಸಿ, ಡಿವಿಜನ್ ಸಿಗುತ್ತದೆ. 97ನ್ನು 4ರಿಂದ ಭಾಗಿಸಿದರೆ 24, ಶೇಷ 1. ಅಂದರೆ 25ನೇ ಡಿವಿಜನ್ನಿನ ಮೊದಲ ರೆಜಿಮೆಂಟು. ಅದರ ಹೆಸರು 97ನೇ ಲಿವ್‌ಲ್ಯಾಂಡ್ ಕಾಲಾಳು ರೆಜಿಮೆಂಟ್. ಮೊದಲ ಮಹಾಯುದ್ಧಕ್ಕೆ ಮುಂಚೆ ಈ ಡಿವಿಜನ್ನಿನ ನೆಲೆ ದ್ವಿನ್ಸ್ಕ್, ಇಂದಿನ ಲಾಟ್ವಿಯಾದ ದೌಗವ್‌ಪಿಲ್ಸ್.

ಇನ್ನು ಬಣ್ಣ. ಡಿವಿಜನ್ನಿನ ಮೊದಲ ಎರಡು ರೆಜಿಮೆಂಟುಗಳ ಹೆಗಲಪಟ್ಟಿ ಕೆಂಪು, ಕೊನೆಯ ಎರಡರದು ನೀಲಿ. ಟೋಪಿಯ ಸುತ್ತುಪಟ್ಟಿ ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ನೀಲಿ, ಮೂರನೆಯದಕ್ಕೆ ಬಿಳಿ, ನಾಲ್ಕನೆಯದಕ್ಕೆ ಕಡು ಹಸಿರು. ನಿಮ್ಮ ಹಿರಿಯರದು ಮೊದಲನೆಯದಾದ್ದರಿಂದ ಎರಡೂ ಕೆಂಪಾಗಿರಬೇಕು. ಫೋಟೊದಲ್ಲಿ ಕಪ್ಪಾಗಿ ಕಾಣುತ್ತಿದೆಯಲ್ಲ ಎಂದರೆ, ಹಾಗೆಯೇ ಕಾಣಬೇಕು. ಆ ಕಾಲದ ಗಾಜಿನ ಫಲಕದ ಲೇಪಕ್ಕೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ, ನೀಲಿ ಮಾತ್ರ ವಿಪರೀತ ತಾಗುತ್ತಿತ್ತು. ಹಾಗಾಗಿ ಕೆಂಪು ಬಟ್ಟೆ ಕಪ್ಪಾಗಿ, ನೀಲಿ ಬಟ್ಟೆ ಪೇಲವವಾಗಿ ಮೂಡುತ್ತದೆ. ಹಳದಿ, ಕಿತ್ತಳೆ ಕೂಡ ಗಾಢವಾಗುತ್ತವೆ. ಕಂಪ್ಯೂಟರಿನಲ್ಲಿ ತಾನಾಗಿ ಬಣ್ಣ ತುಂಬುವ ತಂತ್ರಾಂಶಗಳಿಗೆ ಈ ಲೆಕ್ಕ ಗೊತ್ತಿಲ್ಲ, ಅವು ಕಪ್ಪು ಕಂಡಲ್ಲಿ ಕಪ್ಪು ಅಥವಾ ಹಸಿರು ಬಳಿಯುತ್ತವೆ. ಅಂಥ ಬಣ್ಣದ ಪ್ರತಿಯನ್ನು ದಯವಿಟ್ಟು ಸಾಕ್ಷಿಯೆಂದು ಇಟ್ಟುಕೊಳ್ಳಬೇಡಿ.

ಪಟ್ಟಿ ಅಂಗಿಯ ಬಣ್ಣದಲ್ಲೇ ಇದ್ದರೆ? 1907ರ ನಂತರ ಖಾಕಿ ಯುದ್ಧದ ಉಡುಪು ಬಂದಿತು. ಆಗ ಸಿಪಾಯಿಯ ಪಟ್ಟಿಯನ್ನು ಒಂದು ಮುಖ ಬಣ್ಣದ್ದು, ಇನ್ನೊಂದು ಮುಖ ಖಾಕಿಯದಾಗಿ ಹೊಲಿಯತೊಡಗಿದರು. ಖಾಕಿ ಮುಖದಲ್ಲಿ ಅಂಕಿಯ ಬಣ್ಣವೇ ವಿಭಾಗ ಹೇಳುತ್ತದೆ: ಕಾಲಾಳಿಗೆ ಹಳದಿ, ರೈಫಲ್ ದಳಕ್ಕೆ ಕಡುಗೆಂಪು, ಫಿರಂಗಿ ದಳಕ್ಕೆ ಕೆಂಪು, ಅಶ್ವದಳಕ್ಕೆ ತಿಳಿನೀಲಿ, ಎಂಜಿನಿಯರ್ ದಳಕ್ಕೆ ಕಂದು.

ಮೂರು ಸಣ್ಣ ಅಡ್ಡಗೆರೆ ಎಂದರೆ ಹಿರಿಯ ಉಂಟರ್-ಆಫಿಟ್ಸೆರ್, ನಮ್ಮ ಹವಾಲ್ದಾರರ ಮಟ್ಟದವರು ಎಂದು ಸ್ಥೂಲವಾಗಿ ತಿಳಿಯಬಹುದು. ಎರಡಿದ್ದರೆ ಕಿರಿಯ ಉಂಟರ್-ಆಫಿಟ್ಸೆರ್, ಒಂದಿದ್ದರೆ ಸಾಮಾನ್ಯ ಸಿಪಾಯಿಗಿಂತ ಒಂದು ಮೆಟ್ಟಿಲು ಮೇಲಿನ ಎಫ್ರೈಟರ್, ಒಂದೇ ಅಗಲ ಗೆರೆಯಾದರೆ ಕಂಪನಿಯ ಹಿರಿತಲೆ ಫೆಲ್ಡ್‌ಫೆಬೆಲ್. ಪಟ್ಟಿಯ ಅಂಚಿಗೆ ಹುರಿಮಾಡಿದ ಬಿಳಿ-ಕಿತ್ತಳೆ-ಕಪ್ಪು ದಾರ ಇದ್ದರೆ, ಫೋಟೊದಲ್ಲಿ ಅದು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಅವರು ಶಿಕ್ಷಣದ ಅರ್ಹತೆಯ ಮೇಲೆ ತಾವಾಗಿ ಸೇರಿದ ಸ್ವಯಂಸೈನಿಕರು. ಈ ದಾರವನ್ನು ಹೊಲಿಗೆಯ ಅಲಂಕಾರ ಎಂದು ಬಿಟ್ಟುಬಿಡುವವರೇ ಹೆಚ್ಚು.

ಎರಡು ಎಚ್ಚರಿಕೆ. ಅಂಕಿಯ ಜೊತೆ ಅಡ್ಡಲಾಗಿ ಇಟ್ಟ ಎರಡು ತೋಪುಗಳ ಚಿತ್ರ ಇದ್ದರೆ ಅದು ಫಿರಂಗಿ ದಳದ ಸಂಖ್ಯೆ, ಮೇಲಿನ ಭಾಗಾಕಾರ ಅದಕ್ಕೆ ಸಲ್ಲದು. ಗಾರ್ಡ್ ಮತ್ತು ಗ್ರೆನೇಡಿಯರ್ ದಳಗಳಿಗೂ ಬೇರೆಯೇ ಸಂಖ್ಯೆ. ಅಂಕಿಯ ಬದಲು ಹೆಣೆದ ಅಕ್ಷರಗಳಿದ್ದರೆ ಅದು ರೆಜಿಮೆಂಟಿನ ಗೌರವ ಮುಖ್ಯಸ್ಥರ ಹೆಸರಿನ ಮೊದಲಕ್ಷರ. ಇನ್ನೊಂದು, ಲಿವ್‌ಲ್ಯಾಂಡ್ ಎಂಬ ಹೆಸರು ನೋಡಿ ಅವರ ಊರು ಆ ಸೀಮೆಯದೇ ಎಂದುಕೊಳ್ಳಬೇಡಿ. ಸಾಮ್ರಾಜ್ಯದಲ್ಲಿ ಭರ್ತಿಯಾದವರನ್ನು ಊರಿಂದ ಬಹುದೂರದ ದಳಗಳಿಗೆ ಕಳಿಸುವುದೇ ಸಾಮಾನ್ಯವಾಗಿತ್ತು. 1910ರ ನಂತರದ ಫೋಟೊದಲ್ಲಿ 209 ಮತ್ತು ಅದಕ್ಕಿಂತ ಮೇಲಿನ ಸಂಖ್ಯೆ ಕಂಡರೆ ಅದು 1914ರ ಯುದ್ಧ ಸನ್ನಾಹದಲ್ಲಿ ಅಥವಾ ಆಮೇಲೆ ಕಟ್ಟಿದ ದಳ. ಇದರಿಂದ ಫೋಟೊದ ಕಾಲ ಮೂರು ವರ್ಷದ ಒಳಗೆ ಬಂದು ನಿಲ್ಲುತ್ತದೆ.

ಪ್ರಶ್ನೆ: ಮುತ್ತಜ್ಜ ಅಧಿಕಾರಿಯಾಗಿದ್ದರಂತೆ. ಆದರೆ ಹೆಗಲಪಟ್ಟಿಯಲ್ಲಿ ಒಂದೂ ನಕ್ಷತ್ರವಿಲ್ಲ. ತೀರಾ ಕೆಳಗಿನ ಹುದ್ದೆಯೇ?

ಉತ್ತರ: ತದ್ವಿರುದ್ಧ. ತ್ಸಾರ್ ಸೇನೆಯಲ್ಲಿ ಪ್ರತಿ ಶ್ರೇಣಿಯ ತುದಿಯಲ್ಲಿದ್ದವರಿಗೆ ನಕ್ಷತ್ರ ಇರುತ್ತಿರಲಿಲ್ಲ. ಚಿನ್ನ ಅಥವಾ ಬೆಳ್ಳಿ ಜರಿಯ ಪಟ್ಟಿಯ ಉದ್ದಕ್ಕೂ ಬಣ್ಣದ ಬಟ್ಟೆಯ ಗೆರೆ ಎಷ್ಟು ಎಂದು ಮೊದಲು ಎಣಿಸಿ. ಒಂದೇ ಗೆರೆ ಇದ್ದರೆ ಹುದ್ದೆಗಳು ಕೆಳಗಿನಿಂದ ಮೇಲಕ್ಕೆ ಹೀಗೆ: 1 ನಕ್ಷತ್ರ ಇದ್ದರೆ ಪ್ರಾಪೊರ್‌ಶ್ಚಿಕ್, 2 ಇದ್ದರೆ ಪದ್ಪರೂಚಿಕ್, 3 ಪರೂಚಿಕ್, 4 ಸ್ಟಾಬ್ಸ್-ಕ್ಯಾಪ್ಟನ್, ಒಂದೂ ಇಲ್ಲದಿದ್ದರೆ ಪೂರ್ಣ ಕ್ಯಾಪ್ಟನ್. ಎರಡು ಗೆರೆ ಇದ್ದು 3 ನಕ್ಷತ್ರವಾದರೆ ಲೆಫ್ಟಿನೆಂಟ್ ಕರ್ನಲ್, ನಕ್ಷತ್ರ ಇಲ್ಲದಿದ್ದರೆ ಕರ್ನಲ್. ಗೆರೆಯೇ ಇಲ್ಲದೆ ಜರಿಯಲ್ಲಿ ಅಂಕುಡೊಂಕು ನೇಯ್ಗೆ ಇದ್ದರೆ ಜನರಲ್. ಮೇಜರ್ ಹುದ್ದೆಯನ್ನು 1884ರಲ್ಲಿ ರದ್ದು ಮಾಡಿದ್ದರಿಂದ, ಆಮೇಲಿನ ತ್ಸಾರ್ ಕಾಲದ ಫೋಟೊಗೆ ಮನೆಯವರು ಮೇಜರ್ ಎಂದು ಬರೆದಿದ್ದರೆ ಅದು ತಪ್ಪು.

ಪಟ್ಟಿ ಕಿರಿದಾಗಿದ್ದರೆ ಅವರು ಸೇನಾ ವೈದ್ಯರೋ ಸೇನೆಯ ಕಚೇರಿ ಅಧಿಕಾರಿಯೋ ಆಗಿರಬಹುದು. ಈ ಲೆಕ್ಕವನ್ನು 1943ರ ನಂತರದ ಸೋವಿಯತ್ ಪಟ್ಟಿಗೆ ಹಚ್ಚಬೇಡಿ. ಅಲ್ಲಿ ಒಂದು ಗೆರೆ, 4 ಸಣ್ಣ ನಕ್ಷತ್ರ ಎಂದರೇನೇ ಕ್ಯಾಪ್ಟನ್; ಎರಡು ಗೆರೆ, 1 ದೊಡ್ಡ ನಕ್ಷತ್ರ ಎಂದರೆ ಮೇಜರ್.

ಪ್ರಶ್ನೆ: ಹೆಗಲು ಬರಿದು, ಕಾಲರಿನ ಎರಡೂ ತುದಿಯಲ್ಲಿ ಸಣ್ಣ ಪಟ್ಟಿ, ಅದರಲ್ಲಿ ತಲಾ ಮೂರು ಚೌಕ. ಇದು ಯಾವ ಕಾಲ, ಯಾವ ಹುದ್ದೆ?

ಉತ್ತರ: ಮಡಚಿದ ಕಾಲರ್, ಕಾಲರ್ ಪಟ್ಟಿ, ಬರಿಯ ಹೆಗಲು: ಇದು ಕೆಂಪು ಸೇನೆ. ಕಾಲರ್ ಪಟ್ಟಿಯ ಮೇಲೆ ಎನಾಮಲ್ ತ್ರಿಕೋನ, ಚೌಕ, ಆಯತ, ವಜ್ರಾಕೃತಿ ಬಂದದ್ದು 1924ರಲ್ಲಿ. ಅದಕ್ಕೂ ಮುಂಚೆ 1919ರಿಂದ, ಆಯತ ಬಿಟ್ಟು ಉಳಿದ ಆಕಾರಗಳು ಎಡತೋಳಿನ ಮೇಲೆ ಕೆಂಪು ಬಟ್ಟೆಯಲ್ಲಿ, ನಕ್ಷತ್ರದ ಕೆಳಗೆ ಇರುತ್ತಿದ್ದವು. 1935ಕ್ಕೆ ಮುಂಚೆ ಚೌಕಗಳು ಹೇಳುತ್ತಿದ್ದುದು ವಹಿಸಿದ ಜವಾಬ್ದಾರಿಯನ್ನು, ವೈಯಕ್ತಿಕ ಪದವಿಯನ್ನಲ್ಲ. 1935ರ ಸೆಪ್ಟೆಂಬರಿನಲ್ಲಿ ಪದವಿಗಳು ಮರಳಿದವು. ಆಮೇಲಿನ ಫೋಟೊ ಆದರೆ ಮೂರು ಚೌಕ ಎಂದರೆ ಸೀನಿಯರ್ ಲೆಫ್ಟಿನೆಂಟ್, ಅಥವಾ ಪಾಲಿತ್ರುಕ್ ಎನ್ನುವ ರಾಜಕೀಯ ಬೋಧಕ.

ಈ ಇಬ್ಬರನ್ನು ಬೇರೆ ಮಾಡುವುದು ತೋಳು ಮತ್ತು ಪಟ್ಟಿಯ ಅಂಚು. ಲೆಫ್ಟಿನೆಂಟರ ಪಟ್ಟಿಗೆ ಚಿನ್ನದ ಅಂಚು, ಮುಂಗೈ ಹತ್ತಿರ ತಲೆಕೆಳಗಾದ ಗುಡಾರದಂಥ ಕೋನಗೆರೆ. ಪಾಲಿತ್ರುಕರಿಗೆ ಚಿನ್ನದ ಅಂಚಿಲ್ಲ, ಕೋನಗೆರೆಯಿಲ್ಲ, ಬದಲಿಗೆ ತೋಳಿನ ಮೇಲೆ ಬಟ್ಟೆಯ ನಕ್ಷತ್ರ. 1941ರ ಆಗಸ್ಟಿನ ನಂತರ ಯುದ್ಧರಂಗದಲ್ಲಿ ತೋಳಿನ ಗುರುತುಗಳನ್ನೂ ಬಣ್ಣದ ಪಟ್ಟಿಯನ್ನೂ ತೆಗೆದು ಖಾಕಿ ಪಟ್ಟಿ ಹಾಕಿದರು, ಶತ್ರುವಿನ ಗುರಿಕಾರನಿಗೆ ಅಧಿಕಾರಿ ಎದ್ದು ಕಾಣಬಾರದೆಂದು. ಆ ಕಾಲದ ಫೋಟೊ ಆದರೆ ಬರಿಗಣ್ಣಿನಲ್ಲಿ ತೀರ್ಮಾನಿಸಲು ಆಗುವುದಿಲ್ಲ, ಕಾಗದಪತ್ರ ಬೇಕು.

ಪ್ರಶ್ನೆ: ಎದೆಯ ಎರಡೂ ಬದಿ ಸಾಲಾಗಿ ಕೊಳವೆಗಳಿರುವ ಉದ್ದನೆಯ ನಿಲುವಂಗಿ, ಸೊಂಟಕ್ಕೆ ಕಠಾರಿ. ಮುತ್ತಜ್ಜ ಕೊಸಾಕ್ ಆಗಿದ್ದರು ಎನ್ನಬಹುದೇ?

ಉತ್ತರ: ಅಷ್ಟರಿಂದಲೇ ಹೇಳಬೇಡಿ. ಚೆರ್ಕೆಸ್ಕಾ ಎಂಬ ಈ ಅಂಗಿ ಕಾಕಸಸ್ ಬೆಟ್ಟಗಳ ಜನರ ನಿತ್ಯದ ಉಡುಪು, ಗಡಿಸೀಮೆಯಲ್ಲಿ ನೆಲೆಸಿ ಸಾಮ್ರಾಜ್ಯಕ್ಕೆ ಸವಾರರಾಗಿ ಸೇವೆ ಸಲ್ಲಿಸುತ್ತಿದ್ದ ಯೋಧ ಸಮುದಾಯವಾದ ಕೊಸಾಕರು ಅವರಿಂದ ಕಲಿತದ್ದು. ಕೊಳವೆಗಳು ಗಝೀರಿ, ಮೂಲತಃ ಬಂದೂಕಿಗೆ ಅಳೆದಿಟ್ಟ ಮದ್ದು ತುಂಬುವುದಕ್ಕೆ. ಹೆಗಲಪಟ್ಟಿ ಇದ್ದರೆ ಮಾತ್ರ ಅದು ಸಮವಸ್ತ್ರ. ಪಟ್ಟಿಯೂ ಒಳಗಿನ ಅಂಗಿಯೂ ಗಾಢವಾಗಿದ್ದರೆ ಕೆಂಪು ತೊಡುತ್ತಿದ್ದ ಕುಬಾನ್ ಕೊಸಾಕ್, ಬಿಳಿಚಿಕೊಂಡಿದ್ದರೆ ತಿಳಿನೀಲಿಯ ತೆರೆಕ್ ಕೊಸಾಕ್ ಎಂದು ಹಿಡಿಯಬಹುದು. ದೋನ್, ಒರೆನ್‌ಬುರ್ಗ್ ಮೊದಲಾದ ಬಯಲುಸೀಮೆಯ ಕೊಸಾಕರು ಇದನ್ನಲ್ಲ, ಬದಿಗೆ ಅಗಲ ಬಣ್ಣಪಟ್ಟಿ ಇರುವ ಷರಾಯಿ ತೊಡುತ್ತಿದ್ದರು: ದೋನ್‌ನವರದು ಕೆಂಪು, ಒರೆನ್‌ಬುರ್ಗಿನವರದು ತಿಳಿನೀಲಿ. ಸ್ಟುಡಿಯೊಗಳು ಉಡುಪನ್ನೂ ಕತ್ತಿಯನ್ನೂ ಬಾಡಿಗೆಗೆ ಇಟ್ಟಿರುತ್ತಿದ್ದವು ಎಂಬುದೂ ಗಮನದಲ್ಲಿರಲಿ. ಅಂಗಿ ಮೈಗೆ ಸರಿಯಾಗಿ ಕೂರದೆ ತೋಳು ಜೋತಿದ್ದರೆ ಅನುಮಾನಿಸಿ.

ಪ್ರಶ್ನೆ: ಮನೆಯಲ್ಲಿ ಶಿಲುಬೆಯಾಕಾರದ ಬೆಳ್ಳಿ ಪದಕ ಇದೆ. ಹಿಂದೆ ಅಂಕಿಗಳಿವೆ. ಅದರಿಂದ ಹೆಸರು ಹುಡುಕಲು ಆಗುತ್ತದೆಯೇ?

ಉತ್ತರ: ಸಿಪಾಯಿಗಳ ಸೇಂಟ್ ಜಾರ್ಜ್ ಶಿಲುಬೆ ಆಗಿದ್ದರೆ ಆಗುತ್ತದೆ. ಸಮವಸ್ತ್ರದ ಮೇಲಿನ ವಸ್ತುಗಳಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಯವರೆಗೆ ಕರೆದೊಯ್ಯಬಲ್ಲ ಕೆಲವೇ ವಸ್ತುಗಳಲ್ಲಿ ಇದೂ ಒಂದು. ಹಿಂಬದಿಯ ಅಡ್ಡ ತೋಳುಗಳ ಮೇಲೆ ಸಂಖ್ಯೆ, ಕೆಳತೋಳಿನಲ್ಲಿ ದರ್ಜೆ ಇರುತ್ತದೆ. ನಾಲ್ಕು ದರ್ಜೆಗೂ ಬೇರೆ ಬೇರೆ ಸಂಖ್ಯಾ ಸರಣಿ ಇದ್ದುದರಿಂದ ಎರಡನ್ನೂ ಸೇರಿಸಿಯೇ ಹುಡುಕಬೇಕು; ಸಂಖ್ಯೆಯೊಂದನ್ನೇ ಬರೆದು ವಿಚಾರಿಸಿದರೆ ಉಪಯೋಗವಿಲ್ಲ. 1 ಮತ್ತು 2ನೇ ದರ್ಜೆ ಚಿನ್ನದ್ದು, 3 ಮತ್ತು 4 ಬೆಳ್ಳಿಯದು. 1 ಮತ್ತು 3ರ ರಿಬ್ಬನ್ನಿಗೆ ಗಂಟುಹೂವು ಇರುತ್ತದೆ, 2 ಮತ್ತು 4ಕ್ಕೆ ಇಲ್ಲ. ಫೋಟೊದಲ್ಲಿ ದರ್ಜೆ ತಿಳಿಯಲು ಈ ಹೂವೇ ದಾರಿ. ಯುದ್ಧದ ಕೊನೆಗೆ, 1917ರಲ್ಲಿ, ಚಿನ್ನ-ಬೆಳ್ಳಿಯ ಬದಲು ಹಳದಿ ಮತ್ತು ಬಿಳಿ ಲೋಹ ಬಳಸಿದರು, ಆದ್ದರಿಂದ ಅಗ್ಗದ ಲೋಹ ಎಂದ ಮಾತ್ರಕ್ಕೆ ನಕಲಿ ಎಂದು ಎಸೆಯಬೇಡಿ. ದುಂಡಗಿದ್ದು ತ್ಸಾರ್ ಮುಖ ಇದ್ದರೆ ಅದು ಅದೇ ರಿಬ್ಬನ್ನಿನ ಶೌರ್ಯ ಪದಕ, ಶಿಲುಬೆಯಲ್ಲ.

ಇಬ್ಬರು ತ್ಸಾರರ ಮುಖ ಜೊತೆಗಿರುವ ಕಂಚಿನ ಪದಕ ರೊಮಾನೊವ್ ವಂಶದ 300ನೇ ವರ್ಷದ್ದು, 1913ರದು. ಬಹಳ ಮಂದಿಗೆ ಕೊಟ್ಟದ್ದು, ಶೌರ್ಯಕ್ಕೆ ಸಂಬಂಧವಿಲ್ಲ. ಆದರೆ ಫೋಟೊ 1913ಕ್ಕೆ ಹಿಂದಿನದಲ್ಲ ಎಂದು ಖಚಿತವಾಗಿ ಹೇಳುತ್ತದೆ, ಕಾಲ ನಿರ್ಣಯಕ್ಕೆ ಅದು ಚಿನ್ನದಷ್ಟೇ ಬೆಲೆಯದು.

ಪ್ರಶ್ನೆ: ಪೆಟ್ಟಿಗೆಯಲ್ಲಿ ಅಂಗಿಯೇ ಸಿಕ್ಕಿದೆ. ಹೆಗಲಪಟ್ಟಿ, ಪದಕ ಯಾವುದೂ ಇಲ್ಲ. ಒಗೆದು ಇಸ್ತ್ರಿ ಮಾಡಿಸಿ ಆಮೇಲೆ ತಜ್ಞರಿಗೆ ತೋರಿಸಬೇಕೆಂದಿದ್ದೇವೆ. ಗುರುತು ಸಿಕ್ಕರೆ ಮುಂದೆ ಯಾರಿಗೆ ಬರೆಯಬೇಕು?

ಉತ್ತರ: ಒಗೆಯಬೇಡಿ, ಡ್ರೈಕ್ಲೀನ್ ಬೇಡ, ಗುಂಡಿ ತಿಕ್ಕಿ ಹೊಳಪಿಸುವುದೂ ಬೇಡ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ನೀವು ತೊಳೆಯಹೊರಟ ಜಾಗದಲ್ಲೇ. ಒಳಬಟ್ಟೆಯ ಮೇಲೆ ಉಗ್ರಾಣದ ಶಾಯಿಮುದ್ರೆ, ಇಸವಿ, ಅಳತೆಯ ಅಂಕಿ ಇರುವ ಸಾಧ್ಯತೆ ಇದೆ, ನೀರು ತಾಗಿದರೆ ಅದು ಹರಡಿ ಅಳಿಯುತ್ತದೆ.

ಬಿಳಿ ಹಾಳೆಯ ಮೇಲೆ ಹರಡಿ, ಟಾರ್ಚನ್ನು ಬಟ್ಟೆಗೆ ಸಮನಾಗಿ ಬದಿಯಿಂದ ಹಿಡಿಯಿರಿ. ತೆಗೆದುಹಾಕಿದ ವಸ್ತುಗಳ ನೆರಳು ಏಳುತ್ತದೆ. ಹೆಗಲಿನ ಹೊಲಿಗೆ ಹತ್ತಿರ ಜರಿಯ ಸಣ್ಣ ಅಡ್ಡಕುಣಿಕೆ, ಕಾಲರಿನ ಬಳಿ ಸಣ್ಣ ಗುಂಡಿ ಅಥವಾ ಅದರ ತೂತು ಇದ್ದರೆ ಅದು ತ್ಸಾರ್ ಕಾಲದ ಅಧಿಕಾರಿಯ ಅಂಗಿ. ಎಡ ಎದೆಯಲ್ಲಿ ದಾರದ ಕುಣಿಕೆಗಳಿದ್ದರೆ ಪದಕದ ಸಾಲು, ಒಂದೇ ದುಂಡು ತೂತಿದ್ದರೆ ರೆಜಿಮೆಂಟಿನ ತಿರುಪು ಬಿಲ್ಲೆ. ಅಂಥ ತೂತು ಬಲ ಎದೆಯಲ್ಲಿದ್ದರೆ ಸೋವಿಯತ್ ಗೌರವ ಚಿಹ್ನೆ. ಬಿಸಿಲು ತಾಗದೆ ಉಳಿದ ಗಾಢ ಬಣ್ಣದ ಮಚ್ಚೆ ಕಿತ್ತ ಬಿಲ್ಲೆಯ ಆಕಾರವನ್ನೇ ತೋರಿಸುತ್ತದೆ, ಅದರ ಅಳತೆ ಬರೆದಿಟ್ಟುಕೊಳ್ಳಿ.

ಮುಂದೆ ಗುಂಡಿಯೇ ಕಾಣದೆ, ಒಳಗೆ ಕೊಕ್ಕೆಗಳಿಂದ ಮುಚ್ಚುವ ಅಂಗಿಯೇ? 1881ರಲ್ಲಿ ಮೂರನೆಯ ಅಲೆಕ್ಸಾಂಡರ್ ಸರಳ ಉಡುಪಿನ ಆಜ್ಞೆ ಹೊರಡಿಸಿ ಭೂಸೇನೆಯ ಅಂಗಿಯಿಂದ ಗುಂಡಿ ತೆಗೆಸಿದರು. 1907ರ ಸುಧಾರಣೆಯಲ್ಲಿ ಗುಂಡಿಗಳು ಮರಳಿದವು. ನಿಮ್ಮ ಅಂಗಿ ಆ ನಡುವಿನದು. ನೇರಳಾತೀತ ಟಾರ್ಚಿನಲ್ಲಿ ಹೊಲಿಗೆ ದಾರ ನೀಲಿಬಿಳಿಯಾಗಿ ಹೊಳೆದರೆ ಅದು ಈಚಿನ ದುರಸ್ತಿ, ಇಲ್ಲವೇ ಉಡುಪೇ ನಾಟಕ-ಸಿನಿಮಾಕ್ಕಾಗಿ ಹೊಲಿದದ್ದು. ಹೊಸ ಕಾಲದ ಸಾಬೂನುಪುಡಿಯಲ್ಲಿ ಒಮ್ಮೆ ಒಗೆದಿದ್ದರೂ ಹೀಗೆ ಹೊಳೆಯುತ್ತದೆ, ಆಗ ಈ ಪರೀಕ್ಷೆಗೆ ಬೆಲೆಯಿಲ್ಲ.

ಉಣ್ಣೆಗೆ ಹುಳ ಹಿಡಿದಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 18ರಿಂದ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಕೂಡಲೇ ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ಹನಿ ಕಟ್ಟಿ ಲೋಹ ತುಕ್ಕು ಹಿಡಿಯುತ್ತದೆ. ಚರ್ಮ, ಎನಾಮಲ್ ಭಾಗಗಳನ್ನು ಮೊದಲೇ ಬೇರೆ ಮಾಡಿ. ಆಮೇಲೆ ಆಮ್ಲರಹಿತ ಕಾಗದವನ್ನು ಉಂಡೆ ಮಾಡಿ ತೋಳು, ಮಡಿಕೆಗಳೊಳಗೆ ತುಂಬಿ, ಚಪ್ಪಟೆಯಾಗಿ ಇಡಿ. ಹ್ಯಾಂಗರಿಗೆ ಹಾಕಿದರೆ ಹಳೆಯ ಹೆಗಲ ಹೊಲಿಗೆ ಭಾರಕ್ಕೆ ಬಿರಿಯುತ್ತದೆ.

ಕಾಗದಪತ್ರಕ್ಕೆ: ತ್ಸಾರ್ ಕಾಲದ ಭೂಸೇನೆಯಾದರೆ ಮಾಸ್ಕೊದ ರಷ್ಯನ್ ರಾಜ್ಯ ಸೇನಾ ಇತಿಹಾಸ ಪತ್ರಾಗಾರ. ಅಧಿಕಾರಿಗಳ ಸೇವಾ ಪಟ್ಟಿಗಳು ಅಲ್ಲಿನ 409ನೇ ಸಂಗ್ರಹದಲ್ಲಿವೆ. ನೌಕಾಪಡೆಯಾದರೆ ಸೇಂಟ್ ಪೀಟರ್ಸ್‌ಬರ್ಗಿನ ನೌಕಾ ಪತ್ರಾಗಾರ. ಎರಡನೇ ಮಹಾಯುದ್ಧದ್ದಾದರೆ ಪದೋಲ್ಸ್ಕ್‌ನ ರಕ್ಷಣಾ ಸಚಿವಾಲಯದ ಕೇಂದ್ರ ಪತ್ರಾಗಾರ, ಅದರ ದಾಖಲೆಗಳನ್ನು 'ಪಾಮ್ಯತ್ ನರೋದಾ' ಜಾಲತಾಣದಲ್ಲಿ ಹೆಸರಿನಿಂದ ಹುಡುಕಬಹುದು. ಸಾಮಾನ್ಯ ಸಿಪಾಯಿಗೆ ತ್ಸಾರ್ ಕಾಲದಲ್ಲಿ ಪ್ರತ್ಯೇಕ ಕಡತ ಸಿಗುವುದು ಕಷ್ಟ. ಆದರೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ, ಕಾಣೆಯಾದ, ಸೆರೆಸಿಕ್ಕ, ಮಡಿದವರ ಕಾರ್ಡುಗಳು ಉಳಿದಿವೆ, ಅವೂ ಜಾಲದಲ್ಲಿವೆ.

ಬರೆಯುವಾಗ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ರಷ್ಯನ್ ಲಿಪಿಯಲ್ಲೇ ಕೊಡಿ. ಹುಟ್ಟಿದ ವರ್ಷ, ಧರ್ಮ, ಜೊತೆಗೆ ಗುಬೆರ್ನಿಯಾ (ಪ್ರಾಂತ್ಯ), ಉಯೆಜ್ದ್ (ಜಿಲ್ಲೆ), ವೋಲೊಸ್ತ್ (ಹೋಬಳಿಯಂಥದ್ದು) ಎಂಬ ಮೂರು ಹಂತದ ಊರಿನ ವಿಳಾಸವೂ ಬೇಕು, ಏಕೆಂದರೆ ಆ ಕಾರ್ಡುಗಳಲ್ಲಿ ಒಂದೇ ಹೆಸರಿನ ಹತ್ತಾರು ಮಂದಿಯನ್ನು ಬೇರೆ ಮಾಡುವುದು ಊರೇ. 1874ರ ಕಾನೂನಿನಿಂದ ಭರ್ತಿಯ ವಯಸ್ಸು 21 ಎಂದಾಯಿತು, ಹಾಗಾಗಿ ಹುಟ್ಟಿದ ವರ್ಷಕ್ಕೆ 21 ಕೂಡಿಸಿ ಅಲ್ಲಿಂದ ಹುಡುಕಲು ಶುರುಮಾಡಿ. 1918ರ ಫೆಬ್ರವರಿಗೆ ಮುಂಚಿನ ತಾರೀಖುಗಳು ಹಳೆಯ ಪಂಚಾಂಗದವು: 19ನೇ ಶತಮಾನದವಕ್ಕೆ 12 ದಿನ, 20ನೆಯದಕ್ಕೆ 13 ದಿನ ಸೇರಿಸಿದರೆ ಇಂದಿನ ತಾರೀಖು. ಎರಡನ್ನೂ ಬರೆಯಿರಿ. ಹೆಗಲು, ಟೋಪಿ, ಎದೆ ಈ ಮೂರನ್ನು ಇಂಚಿಗೆ 1200 ಚುಕ್ಕಿಯ ಸಾಂದ್ರತೆಯಲ್ಲಿ ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡಿ, ಫೋಟೊದ ಹಿಂಬದಿಯ ಪ್ರತಿಯನ್ನೂ ಲಗತ್ತಿಸಿ.